ತಕ್ಕಡಿ ಮೇಡಂ ಡಾಕ್ಟರನ್ನು ಹುಡುಕಿದ್ದು

ಯಾವ ವಸ್ತುವನ್ನು ಕೈಗೆ ಕೊಟ್ಟರೂ ಅವಳು ಮೊದಲು ನೋಡುತ್ತಿದ್ದುದು ಅದರ ತಳವನ್ನು. ಲೋಕದಲ್ಲಿ ಮುಖ ನೋಡಿ ಮಣೆ ಹಾಕುವವರೇ ಹೆಚ್ಚು; ನನ್ನ ತಮ್ಮನ ಹೆಂಡತಿ ಮಾತ್ರ ತಳ ನೋಡಿ ಮಣೆ ಹಾಕುವ ಅಪರೂಪದ ಪಂಗಡಕ್ಕೆ ಸೇರಿದವಳು. ಹೂದಾನಿಯಾಗಲಿ, ಗಡಿಯಾರವಾಗಲಿ, ಯಾರೋ ಅಕ್ಕರೆಯಿಂದ ತಂದುಕೊಟ್ಟ ಉಡುಗೊರೆಯಾಗಲಿ, ಅದನ್ನು ತಲೆಕೆಳಗು ಮಾಡಿ, ಹೆಬ್ಬೆರಳಿನಿಂದ ಅಡಿಯನ್ನೊಮ್ಮೆ ಸವರಿ, ಆಮೇಲಷ್ಟೇ ‘ಚೆನ್ನಾಗಿದೆ’ ಎನ್ನಬೇಕೋ ಬೇಡವೋ ಎಂಬ ವಿಚಾರಕ್ಕೆ ಬರುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಚಹಾ ಬಟ್ಟಲನ್ನು ಹೀಗೆ ಪರೀಕ್ಷಿಸಿದಳು. ಅದರಲ್ಲಿ ಚಹಾ ಇತ್ತು. ಎದುರಿಗೆ ಬಿಳಿ ಅಂಗಿ ತೊಟ್ಟು ನಾನಿದ್ದೆ.

ಇದು ಅವಳ ತಪ್ಪಲ್ಲ, ವೃತ್ತಿಯ ದೋಷ. ಅವಳು ತೂಕ ಮತ್ತು ಅಳತೆಗಳ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಹನ್ನೆರಡು ವರ್ಷ ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿಯ ತಟ್ಟೆಗಳನ್ನು ಮಗುಚಿ ಮಗುಚಿ, ಅವುಗಳ ಅಡಿಯಲ್ಲಿ ಮೇಣ, ಅಯಸ್ಕಾಂತ, ಸೀಸದ ಚೂರು, ಒಮ್ಮೆ ಅಗಿದು ಅಂಟಿಸಿದ ಚೂಯಿಂಗ್ ಗಮ್ ಕೂಡ ಪತ್ತೆ ಹಚ್ಚಿದವಳು. ಪೇಟೆಯಲ್ಲಿ ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ‘ತಕ್ಕಡಿ ಮೇಡಂ ಬಂದ್ರು’ ಎಂಬ ಪಿಸುಮಾತು ಅವಳಿಗಿಂತ ನಾಲ್ಕು ಅಂಗಡಿ ಮುಂದೆ ಓಡುತ್ತಿತ್ತು. “ಮೋಸ ಅನ್ನೋದು ಯಾವಾಗಲೂ ಕೆಳಗಡೆ ಅಂಟಿಕೊಂಡಿರುತ್ತೆ ಭಾವ. ಮೇಲಿಂದ ನೋಡಿದ್ರೆ ತಟ್ಟೆ ಲಕಲಕ ಅಂತಿರುತ್ತೆ,” ಎಂದು ನನಗೊಮ್ಮೆ ಉಪದೇಶ ಮಾಡಿದ್ದಳು. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ನಾನು. ಅಷ್ಟು ಚಿಕ್ಕ ವಾಕ್ಯದಲ್ಲಿ ಅಷ್ಟು ದೊಡ್ಡ ವಿಷಯ ಹೇಳುವುದು ನನಗೆ ಒಲಿದದ್ದಿಲ್ಲ.

ನನ್ನ ತಮ್ಮ ಗ್ರಂಥಾಲಯದಲ್ಲಿ ಕೆಲಸ ಮಾಡುವವನು, ಗಟ್ಟಿಯಾಗಿ ಮಾತಾಡಿದರೆ ಪುಸ್ತಕಗಳಿಗೆ ನೋವಾದೀತೆಂಬಂತೆ ಬದುಕುವ ಸಾಧು ಪ್ರಾಣಿ. ಅವನನ್ನು ಅವಳು ಒಪ್ಪಿದ ಕತೆಯೂ ಇಂಥದ್ದೇ. ಮೊದಲ ಸಲ ನಮ್ಮ ಮನೆಗೆ ಬಂದಾಗ ಹುಡುಗನ ಮುಖ ನೋಡುವುದಕ್ಕೆ ಮೊದಲೇ, ಬಾಗಿಲ ಬಳಿ ಬಿಟ್ಟಿದ್ದ ಅವನ ಬೂಟುಗಳನ್ನೆತ್ತಿ ಅಟ್ಟೆ ನೋಡಿದಳಂತೆ. ಎರಡೂ ಹಿಮ್ಮಡಿ ಸಮನಾಗಿ ಸವೆದಿದ್ದವು. ಯಾವ ಕಡೆಗೂ ವಾಲದ ಮನುಷ್ಯ ಎಂದು ತೀರ್ಮಾನಿಸಿ, ಒಳಗೆ ಬಂದು ಕೂತು, ಹೂಂ ಅಂದಳು. ಮಗನ ರೂಪವನ್ನೋ ವಿದ್ಯೆಯನ್ನೋ ಕಂಡು ಒಪ್ಪಿದಳೆಂದು ಬೀಗುತ್ತಿದ್ದ ನಮ್ಮಮ್ಮನಿಗೆ ಈ ಸಂಗತಿ ತಿಳಿದದ್ದು ಮೂರು ವರ್ಷದ ನಂತರ. ಆ ದಿನ ಅಮ್ಮ ಊಟ ಮಾಡಲಿಲ್ಲ.

ಮೊಣಕಾಲು ಮುಟ್ಟುವ ಬೂದು ಬಣ್ಣದ ಇಲಾಖೆಯ ಕೋಟು ಅವಳ ಮೈಗೇ ಹುಟ್ಟಿದಂತಿತ್ತು. ಅದರ ಬಲಜೇಬಿನಲ್ಲಿ ಸದಾ ಒಂದು ಕಿಲೋದ ಹಿತ್ತಾಳೆಯ ತೂಕದ ಬಟ್ಟು. ಆ ಭಾರಕ್ಕೆ ಬಲಭುಜ ಕೊಂಚ ಇಳಿದು, ಎಡಭುಜ ಕೊಂಚ ಏರಿ, ಅವಳ ನಡಿಗೆಗೆ ಒಂದು ವಿಲಕ್ಷಣವಾದ ಓಲಾಟ ಬಂದಿತ್ತು. ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೂ ಅವಳೇ ಎಂದು ಹೇಳಬಹುದಾಗಿತ್ತು. ಬಸುರಿಯಾದ ಮೇಲೆ ಕೋಟಿನ ಮೂರನೆಯ ಗುಂಡಿ ಸೋತಿತು, ಆಮೇಲೆ ಎರಡನೆಯದು, ಏಳನೆಯ ತಿಂಗಳಿಗೆ ಕೋಟು ಬಾಗಿಲ ಪರದೆಯಂತೆ ಎರಡು ಕಡೆ ಸರಿದು ನಿಂತಿತು. ಆದರೆ ಹೊಟ್ಟೆಯನ್ನು ಹೊರಲು ಹಿಂದಕ್ಕೆ ಬಾಗಿ ನಡೆಯಬೇಕಾಗಿ ಬಂದದ್ದರಿಂದ ಆ ಓಲಾಟ ಎಲ್ಲೋ ಮಾಯವಾಯಿತು. “ಕೂಸು ಒಳಗಿದ್ದುಕೊಂಡೇ ಅಮ್ಮನ ನಡಿಗೆ ತಿದ್ದಿತು ನೋಡು,” ಎಂದು ಅಮ್ಮ ನಗುತ್ತಿದ್ದಳು.

ಇನ್ನು ಅವಳ ಮಾತು. ಯಾರು ಏನನ್ನೇ ಹೊಗಳಲಿ, ತೆಗಳಲಿ, ಅವಳದು ಒಂದೇ ಪ್ರಶ್ನೆ: “ಯಾವುದರ ಮುಂದೆ?” ಬಿಸಿಲು ಜಾಸ್ತಿ ಎಂದರೆ, ಯಾವುದರ ಮುಂದೆ? ಹುಡುಗ ಜಾಣ ಎಂದರೆ, ಯಾವುದರ ಮುಂದೆ? ಪಕ್ಕದಲ್ಲಿ ಒಂದು ನಂಬಬಹುದಾದ ಬಟ್ಟು ಇಡದೆ ಯಾವುದನ್ನೂ ಹೆಚ್ಚು ಕಡಿಮೆ ಎನ್ನಕೂಡದೆಂಬುದು ಅವಳ ಸಿದ್ಧಾಂತ. ಒಂದು ಸಂಜೆ ನನ್ನ ಪ್ರಬಂಧವೊಂದನ್ನು ಓದಿ ಹೇಳಿ, ಹೇಗಿದೆ ಎಂದು ಕೇಳುವ ಅವಿವೇಕ ಮಾಡಿದೆ. ಅವಳು ಆ ಪ್ರಶ್ನೆಯನ್ನು ಕೇಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ಕೇಳಿದ್ದರೇ ವಾಸಿಯಿತ್ತು.

ಇಷ್ಟೆಲ್ಲ ಹಾಸ್ಯದ ಅಡಿಯಲ್ಲಿ ಒಂದು ಸಂಗತಿ ಇತ್ತು, ಅದನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಅವಳಿಗೆ ಐದನೆಯ ತಿಂಗಳಲ್ಲಿ ಬಸಿರು ಇಳಿದುಹೋಗಿತ್ತು. ಅದಕ್ಕೆ ನಾಲ್ಕೇ ದಿನ ಮುಂಚೆ, ಆಗ ನೋಡುತ್ತಿದ್ದ ಡಾಕ್ಟರು ಎಲ್ಲ ಚೆನ್ನಾಗಿದೆ ಎಂದಿದ್ದರು. ಯಾರ ತಪ್ಪೂ ಇರಲಿಲ್ಲವೆಂದು ಆಮೇಲೆ ಎಲ್ಲರೂ ಹೇಳಿದರು, ಬಹುಶಃ ಇರಲೂ ಇಲ್ಲ. ಆದರೆ ಏನಾಯಿತು, ಯಾಕಾಯಿತು ಎಂದು ಕೇಳಲು ಅವಳು ಮೂರು ಸಲ ಹೋದಾಗ ಆ ಡಾಕ್ಟರು ಮೂರು ಸಲವೂ ಸಿಗಲಿಲ್ಲ. ಆಸ್ಪತ್ರೆಯ ಕೌಂಟರಿನ ಕಿಟಕಿಯಿಂದ ಒಂದು ಮುದ್ರಿತ ವರದಿಯನ್ನು ಕೈಗಿತ್ತು ಕಳಿಸಿದರು. ಅಂದಿನಿಂದ ‘ಎಲ್ಲ ಚೆನ್ನಾಗಿದೆ’ ಎಂಬ ಮಾತು ಕಿವಿಗೆ ಬಿದ್ದರೆ ಅವಳ ಕೈ ತಾನಾಗಿಯೇ ಏನನ್ನೋ ಮಗುಚಲು ಹುಡುಕುತ್ತಿತ್ತು. ಈ ಸಲದ ಮಗುವನ್ನು ಉಳಿಸಿಕೊಳ್ಳಬೇಕು, ಆದರೆ ಯಾರ ಮಾತನ್ನೂ ನಂಬಕೂಡದು: ಇವೆರಡು ಹಟಗಳ ನಡುವೆ ಅವಳು ದಿನ ತುಂಬಿಸುತ್ತಿದ್ದಳು.

ವಿಧಿಯೂ ಕುಚೋದ್ಯ ಮಾಡಿತು. ಏಳು ತಿಂಗಳು ತುಂಬುವ ಹೊತ್ತಿಗೆ ಅವಳನ್ನು ನೋಡುತ್ತಿದ್ದ ಡಾಕ್ಟರಮ್ಮ ತಾವೇ ಹೆರಿಗೆ ರಜೆಯ ಮೇಲೆ ಹೋದರು. “ಕೆಲಸ ಅರ್ಧಕ್ಕೆ ಬಿಟ್ಟು ಹೋದ್ರು,” ಎಂದು ಇವಳು ಸಿಡುಕಿದಳು. “ಅವರದೂ ಅದೇ ಕೆಲಸ ಅಲ್ವೇನೇ,” ಎಂದು ಅಮ್ಮ ಸಮಾಧಾನ ಹೇಳಿದಳು. ಅಂತೂ ಎಂಟನೆಯ ತಿಂಗಳಲ್ಲಿ ಹೊಸ ಡಾಕ್ಟರನ್ನು ಹುಡುಕುವ ಕೆಲಸ ಆರಂಭವಾಯಿತು. ಅಳೆದೂ ಸುರಿದೂ ಎಂಬ ಮಾತು ನಮ್ಮ ಭಾಷೆಯಲ್ಲಿ ಇಂಥ ಹುಡುಕಾಟವನ್ನು ಕಂಡೇ ಹುಟ್ಟಿರಬೇಕು.

ಅಮ್ಮನದು ಒಂದೇ ಅರ್ಹತೆ. “ಕೈಗುಣ ಚೆನ್ನಾಗಿರಬೇಕು ಕಣೇ, ಮಿಕ್ಕಿದ್ದೆಲ್ಲ ಆಮೇಲೆ.”

“ಕೈಗುಣನ ಯಾವುದರಲ್ಲಿ ಅಳೀತಾರೆ ಅತ್ತೆ?”

“ಅಳೆಯೋಕೆ ಅದೇನು ಸೀಮೆಎಣ್ಣೆನಾ?” ಎಂದು ಅಮ್ಮ ಅಡುಗೆಮನೆಗೆ ಎದ್ದುಹೋದಳು.

ಮೊದಲು ಹೋದದ್ದು ಒಬ್ಬ ತರುಣ ವೈದ್ಯರ ಬಳಿಗೆ. ಸಾವಿರಕ್ಕೆ ಇಷ್ಟು, ನೂರಕ್ಕೆ ಅಷ್ಟು ಎಂದು ಅಂಕಿಗಳಲ್ಲೇ ಮಾತಾಡುವ ಆ ಮನುಷ್ಯನನ್ನು ಕಂಡು ಇವಳಿಗೆ ತವರಿನವರೇ ಸಿಕ್ಕಷ್ಟು ಸಂತೋಷವಾಯಿತು. ಕೊನೆಗೆ ಏಳುವಾಗ, ರಕ್ತದೊತ್ತಡ ನೋಡುವ ಮಷಿನನ್ನು ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿಸಿದಿರಿ ಎಂದು ಕೇಳಿದಳು. “ಹೊಸದು ಮೇಡಂ, ಹೋದ ವಾರ ತಂದಿದ್ದು,” ಎಂದು ಅವರು ನಕ್ಕರು. ಹೊಸದಾಗಿರುವುದಕ್ಕೂ ಸರಿಯಾಗಿರುವುದಕ್ಕೂ ಇರುವ ವ್ಯತ್ಯಾಸದ ಬಗ್ಗೆ ಅವರು ನಿಂತುಕೊಂಡೇ ಕಾಲು ಗಂಟೆಯ ಉಪನ್ಯಾಸ ಕೇಳಬೇಕಾಯಿತು. ಹೊರಗೆ ಹನ್ನೊಂದು ಬಸುರಿಯರು ಕಾಯುತ್ತಿದ್ದರು.

ಎರಡನೆಯದು ಅಮ್ಮನ ಆಯ್ಕೆ. ಹಳೆಯ ಎರಡಂತಸ್ತಿನ ಕಟ್ಟಡ. ಕೆಳಗೆ ನೋಡುವ ಕೋಣೆ, ಮೇಲೆ ಎಂಟು ಹಾಸಿಗೆ ಮತ್ತು ಆಪರೇಷನ್ ಕೋಣೆ, ಮೋಟುಗಾಲಿನ ಕೆಳಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಬೆಂಚು. ಡಾಕ್ಟರಮ್ಮ ಅರವತ್ತರ ಆಸುಪಾಸಿನವರು, ಗಿಡ್ಡ, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. ಗೋಡೆಯ ಪಕ್ಕದಲ್ಲಿ ಮುಳ್ಳಿನ ತೂಕದ ಯಂತ್ರ. ಇವಳು ಅದರ ಮೇಲೆ ಹತ್ತುವ ಬದಲು ಜೇಬಿನಿಂದ ಬಟ್ಟು ತೆಗೆದು ಅದರ ಮೇಲಿಟ್ಟಳು. ಒಂದು ಕಿಲೋದ ಬಟ್ಟಿಗೆ ಯಂತ್ರ ನಾನೂರು ಗ್ರಾಂ ಅಂದಿತು.

“ಇದು ಆರುನೂರು ಗ್ರಾಂ ಕಡಿಮೆ ತೋರಿಸ್ತಿದೆ!”

“ಗೊತ್ತು,” ಅಂದರು ಡಾಕ್ಟರಮ್ಮ. “ಎಲ್ಲರಿಗೂ ಅಷ್ಟೇ ಕಡಿಮೆ ತೋರಿಸುತ್ತೆ. ನನಗೆ ಬೇಕಾಗಿರೋದು ಒಂದು ಸಲದಿಂದ ಇನ್ನೊಂದು ಸಲಕ್ಕೆ ಎಷ್ಟು ಏರ್ತಾರೆ ಅನ್ನೋದು.”

ಇವಳು ಬಗ್ಗಿ, ಆ ಹೊಟ್ಟೆ ಹೊತ್ತುಕೊಂಡೇ, ಯಂತ್ರದ ಅಡಿಯ ತಿರುಪಿಗೆ ಕೈ ಹಾಕಿದಳು. ಡಾಕ್ಟರಮ್ಮ ಆ ಕೈಯ ಮೇಲೆ ಪಟ್ಟೆಂದು ಒಂದು ಏಟು ಕೊಟ್ಟರು. “ಮುಟ್ಟಬೇಡ. ನೀನು ಸರಿ ಮಾಡಿಬಿಟ್ರೆ ನಾಳೆ ಬೆಳಗ್ಗೆ ನನ್ನ ನಲವತ್ತು ಬಸುರಿಯರೂ ಒಂದೇ ದಿನಕ್ಕೆ ಆರುನೂರು ಗ್ರಾಂ ಏರಿರ್ತಾರೆ. ಅವರಿಗೆಲ್ಲ ಯಾರು ಉತ್ತರ ಹೇಳ್ತಾರೆ, ನೀನಾ?”

ಹನ್ನೆರಡು ವರ್ಷದ ಸೇವೆಯಲ್ಲಿ ತಪ್ಪು ತಕ್ಕಡಿಯ ಪರವಾಗಿ ಇಷ್ಟು ಸರಿಯಾದ ವಾದವನ್ನು ಅವಳು ಕೇಳಿರಲಿಲ್ಲ. ಬಟ್ಟನ್ನೆತ್ತಿ ಜೇಬಿಗೆ ಹಾಕಿಕೊಂಡಳು. ಡಾಕ್ಟರಮ್ಮ ಅಷ್ಟರಲ್ಲಿ ಅವಳ ಹೊಟ್ಟೆಯನ್ನೂ ಬಿಟ್ಟು, ಕಾಗದಗಳನ್ನೂ ಬಿಟ್ಟು, ಪಾದಗಳ ಕಡೆ ನೋಡುತ್ತಿದ್ದರು. “ಈ ಚಪ್ಪಲಿ ಯಾವಾಗ ತಗೊಂಡೆ? ಹಳೇದು ಯಾಕೆ ಬಿಗಿಯಾಯ್ತು?” ಎಂದು ಕೇಳಿದರು. ರಕ್ತದೊತ್ತಡ ನೋಡಿ, ಈಗ ಪರವಾಗಿಲ್ಲ, ಆದರೆ ಏರುವ ಲಕ್ಷಣವಿದೆ, ಮನೆಯಲ್ಲೇ ಒಂದು ಮಷಿನ್ ಇಟ್ಟುಕೊಂಡು ದಿನಾ ನೋಡು, ಮೇಲಿನ ಅಂಕಿ ನೂರ ನಲವತ್ತು ಮುಟ್ಟಿದರೆ ಆ ಕ್ಷಣವೇ ಬಾ ಎಂದರು. ಹೊರಗೆ ಬಂದ ಇವಳು, “ಇಲಾಖೆಯ ಮುದ್ರೆ ಇಲ್ಲದ ತಕ್ಕಡಿ ಇಟ್ಟುಕೊಂಡು ನನಗೇ ಬುದ್ಧಿ ಹೇಳ್ತಾರೆ,” ಎಂದು ಆ ವೈದ್ಯಶಾಲೆಯನ್ನೇ ತಳ್ಳಿಹಾಕಿದಳು.

ಕೊನೆಗೆ ಅವಳ ಒಪ್ಪಿಗೆ ಬಿದ್ದದ್ದು ದೊಡ್ಡ ಆಸ್ಪತ್ರೆಗೆ. ಅಲ್ಲಿನ ತೂಕದ ಯಂತ್ರ ಹತ್ತು ಗ್ರಾಮನ್ನೂ ಬಿಟ್ಟುಕೊಡುತ್ತಿರಲಿಲ್ಲ. ಡಾಕ್ಟರು ಕಂಪ್ಯೂಟರ್ ಪರದೆಯಿಂದ ಮುಖ ಎತ್ತುತ್ತಿರಲಿಲ್ಲ, ಹೋಗುವಾಗಲೂ ಬರುವಾಗಲೂ ‘ಎಲ್ಲಾ ನಾರ್ಮಲ್’ ಎನ್ನುತ್ತಿದ್ದರು. ಆ ಮಾತಿಗೆ ಇವಳ ಹಲ್ಲು ಕಚ್ಚಿಕೊಳ್ಳುತ್ತಿತ್ತು, ಆದರೂ ಯಂತ್ರದ ಮುಖ ನೋಡಿ ಸಹಿಸಿಕೊಂಡಳು. ಮನುಷ್ಯರನ್ನು ಆರಿಸಬೇಕಾದ ಕಡೆ ಸಲಕರಣೆಯನ್ನು ಆರಿಸಿದ್ದು ಅವಳ ವೃತ್ತಿಯವರು ಮಾತ್ರ ಮಾಡಬಹುದಾದ ತಪ್ಪು. ಅದಕ್ಕಿಂತ ದೊಡ್ಡದು ಮುಂದೆ ಕಾದಿತ್ತು.

ಮುದುಕಿ ಡಾಕ್ಟರಮ್ಮನ ಸಲಹೆಯಲ್ಲಿ ಒಂದನ್ನು ಮಾತ್ರ ಅವಳು ಶಿರಸಾವಹಿಸಿದಳು. ಮನೆಗೆ ರಕ್ತದೊತ್ತಡದ ಮಷಿನ್ ಬಂತು, ಅದಕ್ಕೆ ಜೊತೆಯಾಗಿ ಒಂದು ಪ್ರಮಾಣದ ಬಟ್ಟೂ ಬೇಕಾಯಿತು. ನನ್ನ ತಮ್ಮನೇ ಆ ಬಟ್ಟು. ದಿನವೂ ಬೆಳಗ್ಗೆ ಅವನ ತೋಳಿಗೆ ಮೊದಲು ಪಟ್ಟಿ ಸುತ್ತುವಳು. ನೂರ ಹದಿನೆಂಟು, ಎಪ್ಪತ್ತಾರು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟ ಮೂಲ ಬಟ್ಟು ಕೂಡ ಇಷ್ಟು ಸ್ಥಿರವಾಗಿರಲಿಕ್ಕಿಲ್ಲ. ಬಾಳಿನಲ್ಲಿ ಯಾವುದಕ್ಕೂ ಮೊದಲಿಗನಾಗದ ನನ್ನ ತಮ್ಮ ಆ ಮೂರು ವಾರ ಎದೆಯುಬ್ಬಿಸಿಕೊಂಡು ಓಡಾಡಿದ. ಗಂಡ ಸರಿಯಾಗಿದ್ದಾನೆಂದು ಖಾತ್ರಿಯಾದ ಮೇಲೆ ತನ್ನದನ್ನು ನೋಡಿಕೊಳ್ಳುವಳು: ನೂರ ಇಪ್ಪತ್ತೆಂಟು, ನೂರ ಮೂವತ್ತು, ನೂರ ಮೂವತ್ತೆರಡು.

ಮೂವತ್ತೇಳು ವಾರ ತುಂಬಿದ ಭಾನುವಾರ ಬೆಳಗ್ಗೆ, ಊಟದ ಮೇಜಿನ ಮೇಲೆ, ತಮ್ಮನದು ಎಂದಿನಂತೆ ನೂರ ಹದಿನೆಂಟು ಬಂತು. ಅವಳದು ನೂರ ಐವತ್ತೆರಡು.

“ಮಷಿನ್ ಕೆಟ್ಟಿದೆ,” ಅಂದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಇವಳು ಬರೀ ಅಂದು ಬಿಡುವವಳಲ್ಲ, ನೆಲಕ್ಕೆ ರಸಮಟ್ಟ ಹಿಡಿದು ನೋಡುವವಳು. ಫ್ಯಾನು ರಿಪೇರಿಗೆ ಬಂದಿದ್ದ ಎಲೆಕ್ಟ್ರಿಷಿಯನ್ನನ್ನು ಏಣಿಯಿಂದ ಇಳಿಸಿ ಕೂರಿಸಿದಳು, ನೂರ ಇಪ್ಪತ್ನಾಲ್ಕು. ಅಮ್ಮನದು ನೂರ ಮೂವತ್ತು. ನನ್ನದು ನೂರ ನಲವತ್ತಾರು, ಅದು ಹತ್ತು ವರ್ಷದಿಂದ ನನ್ನ ಡಾಕ್ಟರಿಗೂ ಗೊತ್ತಿರುವ ನನ್ನ ಖಾಸಾ ಅಂಕಿ. ಎಲ್ಲರ ವಿಷಯದಲ್ಲೂ ನಿಜ ನುಡಿದ ಮಷಿನ್ ಮತ್ತೆ ಅವಳ ತೋಳಿಗೆ ಬಂದಾಗ ನೂರ ಐವತ್ನಾಲ್ಕು ಅಂದಿತು. ತೋಳು ಬದಲಿಸಿದಳು, ಕುರ್ಚಿ ಬದಲಿಸಿದಳು. ತಲೆ ಸಿಡಿಯುತ್ತಿದೆಯೆಂದು ಬೆಳಗ್ಗೆಯೇ ಹೇಳಿದ್ದಳು, ಅದನ್ನು ಈಗ ಯಾರೂ ನೆನಪಿಸುವಂತಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದಾಗ ಸ್ವಾಗತದ ಹುಡುಗಿ, “ಡಾಕ್ಟರ್ ಬುಧವಾರ ಸಿಗ್ತಾರೆ ಮೇಡಂ. ಟೆನ್ಷನ್ ಮಾಡ್ಕೋಬೇಡಿ, ಎಲ್ಲಾ ನಾರ್ಮಲ್ ಇರುತ್ತೆ,” ಎಂದಳು.

“ನೋಡಿ, ಅವರೂ ಬುಧವಾರ ಅಂತಿದಾರೆ. ಅಂದ್ರೆ ಅವಸರ ಇಲ್ಲ,” ಎಂದು ಇವಳು, ಯಾವ ಮಾತನ್ನು ಎರಡು ವರ್ಷ ದ್ವೇಷಿಸಿದಳೋ ಅದನ್ನೇ ಅವತ್ತು ಅಪ್ಪಿಕೊಂಡಳು. “ಇನ್ನೊಂದೇ ಸಲ. ರೀ, ತೋಳು ಕೊಡಿ.”

ತಮ್ಮ ತೋಳು ಕೊಟ್ಟ. ಪಟ್ಟಿ ಉಬ್ಬಿತು, ಇಳಿಯಿತು. ನೂರ ನಲವತ್ತೆರಡು.

“ಹೇಳಲಿಲ್ವಾ!” ಎಂದು ಅವಳು ಗೆದ್ದವಳಂತೆ ನಮ್ಮೆಲ್ಲರ ಮುಖ ನೋಡಿದಳು. “ಇವರದೇ ತಪ್ಪು ತೋರಿಸ್ತಿದೆ! ಮಷಿನ್ ಕೆಟ್ಟಿದೆ ಅಂತ ಆಗಲೇ ಹೇಳಲಿಲ್ವಾ ಭಾವ?”

“ಮಷಿನ್ ಕೆಟ್ಟಿಲ್ಲ ಕಣೇ,” ಅಂದ ನನ್ನ ತಮ್ಮ. “ನನಗೆ ಭಯ ಆಗ್ತಿದೆ.”

ಆ ಮನೆಯಲ್ಲಿ ಅಷ್ಟು ಹೊತ್ತಿನಿಂದ ಎಲ್ಲರಿಗೂ ಆಗುತ್ತಿದ್ದುದು ಅದೇ. ಹೇಳಿದವನು ಅವನೊಬ್ಬ. ಅವಳು ಗಂಡನ ತೋಳಿನಿಂದ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿದಳು, ಮಡಿಚಿಟ್ಟಳು, ಮೇಜು ಹಿಡಿದುಕೊಂಡು ಎದ್ದಳು. “ಭಾವ, ಕಾರು ತೆಗೀರಿ. ಅತ್ತೆಯ ಡಾಕ್ಟರ ಹತ್ರ ಹೋಗೋಣ,” ಎಂದಳು. ಸಾವಿರ ಸಂಖ್ಯೆಗಳಿಗೆ ಜಗ್ಗದವಳನ್ನು ಒಬ್ಬ ಸಾಧು ಮನುಷ್ಯನ ಪುಕ್ಕಲುತನ ಎಬ್ಬಿಸಿತು.

ಡಾಕ್ಟರಮ್ಮ ಮೇಲಿನ ಮಹಡಿಯಲ್ಲಿ ಇದ್ದರು. ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು, ಮಗುವಿನ ಎದೆಬಡಿತ ಕೇಳಿದರು, ಯಾಕೆ ಇಷ್ಟು ದಿನ ಬರಲಿಲ್ಲ ಎಂದು ಮಾತ್ರ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. “ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ. ಒತ್ತಡಕ್ಕೆ ಔಷಧಿ ಈಗಲೇ ಶುರು ಮಾಡ್ತೀನಿ. ವಾರ ತುಂಬಿದೆ, ಇನ್ನು ಕಾಯೋದು ಬೇಡ, ಇವತ್ತೇ ನೋವು ಬರಿಸೋಣ ಅಂತೀನಿ. ಆದರೆ ಹೂಂ ಅನ್ನಬೇಕಾದವಳು ನೀನು.”

“ಕಾದರೆ?”

“ಕಾದರೆ ಒತ್ತಡ ಇನ್ನೂ ಏರಬಹುದು. ನಿನಗೆ ಫಿಟ್ಸ್ ಬರಬಹುದು. ಮಗುವಿಗೆ ರಕ್ತ ಸರಿಯಾಗಿ ಹೋಗದೆ ಇರಬಹುದು. ಏನೂ ಆಗದೆಯೂ ಇರಬಹುದು.”

“ಬಹುದು, ಬಹುದು ಅಂತೀರಲ್ಲ. ಖಂಡಿತವಾಗಿ ಏನು?”

“ಖಂಡಿತ ಅನ್ನೋದು ನನ್ನ ಹತ್ರ ಇಲ್ಲಮ್ಮ. ಮೂವತ್ತೈದು ವರ್ಷದಿಂದ ನಾನೂ ಹುಡುಕ್ತಿದೀನಿ.”

ಅವಳು ಕೋಟಿನ ಜೇಬಿನೊಳಗೆ ಕೈ ಹಾಕಿ ಬಟ್ಟನ್ನು ಹಿಡಿದುಕೊಂಡಳು. ಆಮೇಲೆ ನಮಗಾರಿಗೂ ಕೇಳಿಸಬಾರದೆಂಬಷ್ಟು ಸಣ್ಣ ದನಿಯಲ್ಲಿ ಕೇಳಿದಳು: “ತಪ್ಪಾದರೆ?”

“ತಪ್ಪಾದರೆ ನಾನು ಇಲ್ಲೇ ಇರ್ತೀನಿ,” ಅಂದರು ಡಾಕ್ಟರಮ್ಮ. “ಸರಿಯಾದರೂ ಇಲ್ಲೇ ಇರ್ತೀನಿ.”

ನನ್ನ ತಮ್ಮನ ಹೆಂಡತಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಣ್ಣೊರೆಸಿಕೊಂಡು ಹೂಂ ಅಂದಳು. ಕೋಟು ಬಿಚ್ಚಿ ಅತ್ತೆಯ ಕೈಗೆ ಕೊಟ್ಟಳು. ಅದರ ಭಾರಕ್ಕೆ ಅಮ್ಮ ಒಂದು ಕಡೆಗೆ ವಾಲಿದಳು.

ಅಂದುಕೊಂಡಂತೆ ಆಯಿತೇ? ಇಲ್ಲ. ಬರಿಸಿದ ನೋವು ಅರ್ಧ ದಾರಿಯಲ್ಲಿ ನಿಂತಿತು. ಮರುದಿನ ಬೆಳಗ್ಗೆ ಡಾಕ್ಟರಮ್ಮ ಹೊರಗೆ ಬಂದು, ಮೋಟುಗಾಲಿನ ಬೆಂಚಿನ ಮೇಲೆ ಕೂತಿದ್ದ ನಮ್ಮೆದುರು ನಿಂತು, “ನಾನು ಎಣಿಸಿದ ಹಾಗೆ ಆಗಲಿಲ್ಲ. ಆಪರೇಷನ್ ಮಾಡಬೇಕು. ಅವಳಿಗೂ ಹೇಳಿದೀನಿ, ಒಪ್ಪಿದಾಳೆ,” ಎಂದರು. ಅವರ ಕನ್ನಡಕದ ದಾರ ಕೂದಲಿಗೆ ಸಿಕ್ಕಿಕೊಂಡಿತ್ತು, ಸೀರೆ ನಿನ್ನೆಯದೇ. ಸೋತ ಮಾತನ್ನು ಇಷ್ಟು ನೆಟ್ಟಗೆ ನಿಂತು ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊಮ್ಮಗಳು ಅಮ್ಮನ ಮಡಿಲಿಗೆ ಬಂದಳು, ಕೆಂಪಗೆ, ಸಿಟ್ಟಿನಿಂದ, ಎರಡೂ ಮುಷ್ಟಿ ಬಿಗಿದುಕೊಂಡು. ತಾಯಿಯ ಒತ್ತಡ ಇಳಿಯಲು ಇನ್ನೂ ಎಂಟು ದಿನ ಹಿಡಿಯಿತು. ಅಮ್ಮ ಕಂಡಕಂಡವರಿಗೆಲ್ಲ ಕೈಗುಣದ ಮಹಿಮೆಯನ್ನು ವರ್ಣಿಸುತ್ತಿದ್ದಳು. ಸೊಸೆ ಮಲಗಿದಲ್ಲಿಂದಲೇ ಕೇಳಿಸಿಕೊಂಡು, ಎದುರಾಡಲಿಲ್ಲ.

ಪರೀಕ್ಷಿಸದೆ ಯಾವುದನ್ನೂ ಒಪ್ಪದವರನ್ನು ನಾವು ಸಂಶಯಪಿಶಾಚಿಗಳೆಂದು ಹಂಗಿಸುತ್ತೇವೆ, ಬೆನ್ನ ಹಿಂದೆ ನಗುತ್ತೇವೆ. ನಾನೂ ನಕ್ಕವನೇ, ಈಗಲೂ ನಗುತ್ತಿರುವವನೇ. ಆದರೆ ಅವರಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ನಮಗಿಂತ ಸುಲಭವಾಗಿ ನಂಬಿದವರು, ನಂಬಿ ಕೈಸುಟ್ಟುಕೊಂಡವರು. ಅವರ ಪ್ರಶ್ನೆಗಳೆಲ್ಲ ನಂಬಿಕೆಯ ವಿರುದ್ಧ ಹೂಡಿದ ತಕರಾರುಗಳಲ್ಲ. ಮತ್ತೊಮ್ಮೆ ನಂಬಬಹುದಾದ ಒಂದು ಮನೆಯನ್ನು ಹುಡುಕುತ್ತಾ ಅವರು ತಟ್ಟುವ ಬಾಗಿಲುಗಳು. ಎಂದೂ ತಪ್ಪದವರನ್ನು ಅವರು ಕೇಳುತ್ತಿಲ್ಲ, ತಪ್ಪಿದಾಗ ಬಾಗಿಲು ಹಾಕಿಕೊಳ್ಳದವರನ್ನು ಕೇಳುತ್ತಿದ್ದಾರೆ. ಅಂಥವರು ಕಟ್ಟಕಡೆಗೊಮ್ಮೆ ಹೂಂ ಎಂದರೆ, ಆ ಹೂಂ ಪಡೆದವರು ಆ ದಿನ ಬೇಗ ಮನೆಗೆ ಹೋಗಬಾರದು.